ಮಾಸ್ತರನ್ನು ಕೇಳಿ: ಬಲೂನಿನ ಗಾಳಿಗೆ ಸೂರ್ಯನ ಹೆಸರು ಯಾಕೆ?

ಹೋದ ಸಂಚಿಕೆಯಲ್ಲಿ ಮೂಲವಸ್ತುಗಳ ಹೆಸರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ‘ಹೀಲಿಯಂ ಅನ್ನುವುದು ಗ್ರೀಕ್ ಭಾಷೆಯ ಸೂರ್ಯನಿಂದ ಬಂದ ಹೆಸರು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಮಾತು ಹಿಡಿದು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಬಹಳ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಶಹಾಪುರದ ಹುಡುಗಿಗೆ ಕೊಟ್ಟ ಉತ್ತರ ಉದ್ದವಾಗಿದೆ. ಉಳಿದವರು ಅದನ್ನು ಮೊದಲು ಓದಿದರೆ ನಿಮ್ಮ ಉತ್ತರ ಸಲೀಸಾಗಿ ತಿಳಿಯುತ್ತದೆ.

* ಸರ್, ಹೀಲಿಯಂ ಅಂದರೆ ಸೂರ್ಯ ಅಂತ ನಮ್ಮ ಟೀಚರೂ ಹೇಳಿದರು. ಆದರೆ ಹೀಲಿಯಂ ಸುಡುವುದಿಲ್ಲ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಲೂನಿಗೆ ತುಂಬುತ್ತಾರೆ ಅಷ್ಟೇ. ಅಂಥದ್ದಕ್ಕೆ ಸೂರ್ಯನ ಹೆಸರು ಯಾಕೆ? ಗ್ರೀಕರು ಇಟ್ಟಿದ್ದಾ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಶಹಾಪುರ

ನೋಡವ್ವಾ, ಗ್ರೀಕರು ಇಟ್ಟಿದ್ದಲ್ಲ. ಅಂಥದ್ದೊಂದು ಅನಿಲ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ‘ಹೀಲಿಯೋಸ್’ ಎಂಬ ಪದ ಮಾತ್ರ ಅವರದು. ಸೂರ್ಯನಿಗೂ ಅದೇ ಹೆಸರು, ಸೂರ್ಯದೇವರಿಗೂ ಅದೇ ಹೆಸರು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಆ ಪದ ಹಿಡಿದು ಹೀಲಿಯಂ ಎಂಬ ಹೊಸ ಹೆಸರು ಕಟ್ಟಿದರು. ಯಾಕೆಂದರೆ ಆ ವಸ್ತುವಿನ ಗುರುತು ಮೊದಲು ಸಿಕ್ಕಿದ್ದು ಸೂರ್ಯನಲ್ಲಿ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು ಇಪ್ಪತ್ತೇಳು ವರ್ಷ ಕಳೆದ ಮೇಲೆ.

ಇಷ್ಟು ಮಾತು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನಿನ್ನ ಪತ್ರವನ್ನೇ ಮೊದಲು ತೆಗೆದುಕೊಂಡದ್ದಕ್ಕೆ ಬೇರೆ ಕಾರಣವಿದೆ. ಆ ಗುರುತು ಸಿಕ್ಕ ಗ್ರಹಣದ ನೆರಳು ನಿನ್ನ ಊರಿನ ಮೇಲೇ ಹಾದುಹೋಗಿದೆ. ಇದನ್ನು ನಮ್ಮ ಭಾಗದ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಹೇಳಲೇಬೇಕು ಅನ್ನುವುದು ನನ್ನ ಹಟ.

1868ರ ಆಗಸ್ಟ್ 18, ಮಂಗಳವಾರ. ಬೆಳಗಿನ ಹೊತ್ತು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಏಡನ್ ಕಡೆಯಿಂದ ಅರಬ್ಬೀ ಸಮುದ್ರ ದಾಟಿ ಬಂತು. ಜಮಖಂಡಿ, ವಿಜಯಪುರ, ಆಮೇಲೆ ಸುರಪುರ, ಶಹಾಪುರ, ಯಾದಗಿರಿ ಸೀಮೆ. ಅಲ್ಲಿಂದ ಪೂರ್ವಕ್ಕೆ ಗುಂಟೂರು, ಮಚಲಿಪಟ್ಟಣ. ಮುಂದೆ ಬಂಗಾಳ ಕೊಲ್ಲಿ ದಾಟಿ ಸಯಾಂ ದೇಶ, ಅಂದರೆ ಇಂದಿನ ಥಾಯ್ಲೆಂಡ್. ನಮ್ಮ ಕಡೆ ಐದು ನಿಮಿಷಕ್ಕೂ ಜಾಸ್ತಿ ಹೊತ್ತು ಸೂರ್ಯ ಪೂರ್ತಿ ಮರೆಯಾಗಿದ್ದ. ಅಷ್ಟು ಉದ್ದದ ಗ್ರಹಣ ಅಪರೂಪ. ಅದಕ್ಕೇ ಯುರೋಪಿನ ವಿಜ್ಞಾನಿಗಳು ಪೆಟ್ಟಿಗೆಗಟ್ಟಲೆ ಸಾಮಾನು ಹೊತ್ತು ಇಲ್ಲಿಗೆ ಬಂದರು. ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿ ನಿಂತರು. ಬ್ರಿಟಿಷರ ಕಡೆಯಿಂದ ಮೇಜರ್ ಟೆನ್ನಂಟ್ ಕೂಡ ಅಲ್ಲೇ ಇದ್ದರು. ಮದ್ರಾಸ್ ವೀಕ್ಷಣಾಲಯದ ಪಾಗ್ಸನ್ ಮಚಲಿಪಟ್ಟಣದಲ್ಲಿ. ನಮ್ಮ ಕನ್ನಡ ನೆಲದಲ್ಲೂ ಇಬ್ಬರಿದ್ದರು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷಲ್, ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷಲ್ ಅವರ ಮೊಮ್ಮಗ ಈ ಜಾನ್ ಹರ್ಷಲ್.

ಆಗ ಯಾದಗಿರಿ, ಕಲಬುರಗಿ ಎಲ್ಲ ನಿಜಾಮರ ರಾಜ್ಯದಲ್ಲಿದ್ದವು. ದೂರದರ್ಶಕದವರು ನಮ್ಮ ಪಡುವಣದಲ್ಲೂ ಮೂಡಣದಲ್ಲೂ ನಿಂತರು. ನೆರಳು ಮಾತ್ರ ನಡುವೆ ನಮ್ಮ ಹೊಲಗಳ ಮೇಲೇ ಹೋಯಿತು.

ಇವರೆಲ್ಲ ಹುಡುಕುತ್ತಿದ್ದದ್ದು ಏನು? ಪೂರ್ಣ ಗ್ರಹಣದಲ್ಲಿ ಚಂದ್ರನ ಕಪ್ಪು ಅಂಚಿನ ಸುತ್ತ ಕೆಂಪಗೆ ಜ್ವಾಲೆಗಳು ಕಾಣುತ್ತವೆ. ಅವು ಯಾವುದರಿಂದ ಆಗಿವೆ ಅನ್ನುವುದೇ ಪ್ರಶ್ನೆ. ಉತ್ತರ ಹುಡುಕಲು ಹೊಸ ಸಾಧನ ಬಂದಿತ್ತು, ಸ್ಪೆಕ್ಟ್ರೋಸ್ಕೋಪ್. ಬೆಳಕನ್ನು ಬಿಡಿಸಿ ಬಣ್ಣದ ಪಟ್ಟಿ ಮಾಡುವ ಉಪಕರಣ. ಒಂದು ಮೂಲವಸ್ತುವನ್ನು ಅನಿಲವಾಗುವಷ್ಟು ಕಾಯಿಸಿದರೆ ಅದರ ಬೆಳಕಿನಲ್ಲಿ ಕೆಲವೇ ಗೆರೆಗಳು ಇರುತ್ತವೆ. ಯಾವ ವಸ್ತುವಿಗೆ ಯಾವ ಜಾಗದಲ್ಲಿ ಗೆರೆ ಅನ್ನುವುದು ಬದಲಾಗುವುದೇ ಇಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಾರೆಂದು ತಿಳಿಯುತ್ತದಲ್ಲ, ಹಾಗೆ. ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ ಇದನ್ನು 1859, 1860ರ ಹೊತ್ತಿಗೆ ಗಟ್ಟಿ ಮಾಡಿದ್ದರು.

ಮನೆಯಲ್ಲೇ ಒಂದನ್ನು ನೋಡಬಹುದು. ಅಮ್ಮ ಜೊತೆಗಿರುವಾಗ ಉರಿಯುವ ಗ್ಯಾಸ್ ಒಲೆಗೆ ಚಿಟಿಕೆ ಉಪ್ಪು ಉದುರಿಸು. ನೀಲಿ ಉರಿ ಒಮ್ಮೆಲೇ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ. ಆ ಹಳದಿ ಬೆಳಕಿನಲ್ಲಿ ಒತ್ತೊತ್ತಾಗಿ ಎರಡು ಗೆರೆ ಇರುತ್ತವೆ. ಸೂರ್ಯನ ಬೆಳಕಿನಲ್ಲಿ ಅದೇ ಜಾಗದಲ್ಲಿ ಕಪ್ಪು ಗೆರೆಗಳಿವೆ. ಫ್ರೌನ್‌ಹೋಫರ್ ಎಂಬುವರು 1814ರಲ್ಲಿ ಸೂರ್ಯನ ಕಪ್ಪು ಗೆರೆಗಳಿಗೆ ಎ, ಬಿ, ಸಿ, ಡಿ ಎಂದು ಅಕ್ಷರ ಇಟ್ಟಿದ್ದರು. ಸೋಡಿಯಂನ ಜೋಡಿಗೆ ಬಿದ್ದದ್ದು ‘ಡಿ’. ಒಂದು ಡಿ-1, ಇನ್ನೊಂದು ಡಿ-2.

ಈಗ ಗ್ರಹಣಕ್ಕೆ ಬಾ. ಜಮಖಂಡಿಯಲ್ಲಿ ಮೋಡ ಕವಿದಿತ್ತು. ಆಗಸ್ಟ್ ತಿಂಗಳು, ಇನ್ನೇನು ತಾನೆ. ಮೋಡ ಸ್ವಲ್ಪ ಬಿಟ್ಟಾಗ ಹರ್ಷಲ್ ಆ ಕೆಂಪು ಜ್ವಾಲೆಗೆ ಸ್ಪೆಕ್ಟ್ರೋಸ್ಕೋಪ್ ಹಿಡಿದರು. ಮೂರು ಹೊಳೆವ ಗೆರೆ ಕಂಡವು. ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಹೊಳೆವ ಗೆರೆ ಬಂತು ಅಂದರೆ ಆ ಜ್ವಾಲೆ ಕಾದು ಹೊಳೆಯುವ ಅನಿಲ ಅನ್ನುವುದು ಖಾತ್ರಿಯಾಯಿತು. ಕೆಂಪು ಮತ್ತು ನೀಲಿ ಗೆರೆ ಜಲಜನಕದ್ದು. ನಡುವಿನ ಕಿತ್ತಳೆಯನ್ನು ಅವರು ಸೋಡಿಯಂನ ಡಿ ಗೆರೆ ಇರಬೇಕು ಅಂದುಕೊಂಡರು. ಗುಂಟೂರು, ಮಚಲಿಪಟ್ಟಣದಲ್ಲೂ ಹಳದಿ ಹತ್ತಿರದ ಒಂದು ಗೆರೆ ಕಂಡಿತು. ಕಂಡವರು ಹಲವರು. ಆದರೆ ಗ್ರಹಣದ ಐದು ನಿಮಿಷದಲ್ಲಿ ಕೈ ನಡುಗುತ್ತಾ ಅಳತೆ ತೆಗೆಯುವುದು ಸುಲಭವಲ್ಲ. ಅದು ಡಿ ಜಾಗದಲ್ಲೇ ಇದೆಯಾ, ಪಕ್ಕದಲ್ಲಿದೆಯಾ ಅನ್ನುವುದು ತೀರ್ಮಾನವಾಗಲಿಲ್ಲ.

ಆ ಐದು ನಿಮಿಷ ಹೇಗಿರುತ್ತದೆ ಅನ್ನುವುದು ನನಗೆ ಸ್ವಲ್ಪ ಗೊತ್ತು. 1980ರ ಫೆಬ್ರುವರಿ 16ರಂದು ಇನ್ನೊಂದು ಖಗ್ರಾಸ ಗ್ರಹಣ ನಮ್ಮ ಸೀಮೆಗೆ ಬಂತು. ಕಾರವಾರ, ಹುಬ್ಬಳ್ಳಿ ಕಡೆಯಿಂದ ಬಂದು ರಾಯಚೂರಿನ ಮೇಲೆ ಹೋಯಿತು. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಕ್ಯಾಂಪ್ ಹಾಕಿದ್ದರು. ಆಗ ನಾನು ಬಿಎಸ್‌ಸಿ ಹುಡುಗ. ಕಲಬುರಗಿಯಲ್ಲಿ ಪೂರ್ಣ ಗ್ರಹಣ ಇರಲಿಲ್ಲ, ಅದಕ್ಕೆ ರಾಯಚೂರು ಬಸ್ ಹತ್ತಿದೆ. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ನಾನು ಮತ್ತು ಗೆಳೆಯರು ಹೊಲದ ಬದುವಿನ ಮೇಲೆ ನಿಂತಿದ್ದೆವು. ಬಿಸಿಲು ಸಪ್ಪೆಯಾಗುತ್ತಾ ಬಂತು. ಗಾಳಿ ತಣ್ಣಗಾಯಿತು. ಹಕ್ಕಿಗಳು ಗೂಡಿಗೆ ತಿರುಗಿದವು. ಶುಕ್ರಗ್ರಹ ಹಗಲಲ್ಲೇ ಬೆಳಗಿತು. ಕಪ್ಪು ಬಿಲ್ಲೆಯ ಅಂಚಿಗೆ ಸಣ್ಣ ಕೆಂಪು ಗೀಟು ಕಂಡಿತು. ಎರಡೂವರೆ ನಿಮಿಷದ ಆಸುಪಾಸು ಅಷ್ಟೇ, ಆಗಲೇ ಸೂರ್ಯ ಹೊರಗೆ ಬಂದ. ಅಷ್ಟರಲ್ಲಿ ಅಳತೆ ತೆಗೆಯುವುದಿರಲಿ, ಉಸಿರು ಬಿಡುವುದೇ ಮರೆತಿತ್ತು. ಹರ್ಷಲ್, ಜಾನ್ಸೆನ್ ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತು.

ಗುಂಟೂರಿನ ಜಾನ್ಸೆನ್ ಒಂದು ಜಾಣತನ ಮಾಡಿದರು. ಗೆರೆಗಳು ಇಷ್ಟು ಹೊಳೆಯುವಾಗ ಗ್ರಹಣ ಇಲ್ಲದೆಯೂ ಕಾಣಬೇಕಲ್ಲ ಅನ್ನಿಸಿತು ಅವರಿಗೆ. ಮರುದಿನ ಬೆಳಿಗ್ಗೆ ಸೂರ್ಯನ ಅಂಚಿಗೆ ಸ್ಪೆಕ್ಟ್ರೋಸ್ಕೋಪಿನ ಸೀಳನ್ನು ಸರಿಯಾಗಿ ಹಿಡಿದರು. ಕಂಡೇಬಿಟ್ಟವು! ಇನ್ನು ಗ್ರಹಣಕ್ಕೆ ಕಾಯಬೇಕಾಗಿಲ್ಲ. ಇತ್ತ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಎಂಬ ಮೂವತ್ತೆರಡರ ಯುವಕ ಇದೇ ಉಪಾಯ ಹೂಡಿದ್ದ. ಹೊಟ್ಟೆಪಾಡಿಗೆ ಯುದ್ಧ ಇಲಾಖೆಯ ಕಚೇರಿಯಲ್ಲಿ ಕೆಲಸ, ಬಿಡುವಿನಲ್ಲಿ ಆಕಾಶ. 1868ರ ಅಕ್ಟೋಬರ್ 20ರಂದು ಅವನಿಗೂ ಗೆರೆಗಳು ಕಂಡವು. ಇಬ್ಬರ ಪತ್ರವೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಅಕ್ಟೋಬರ್ 26ರ ಒಂದೇ ಸಭೆಯಲ್ಲಿ ಓದಲ್ಪಟ್ಟವು. ಮುಂದೆ ಫ್ರಾನ್ಸಿನವರು ಇಬ್ಬರ ಮುಖವನ್ನೂ ಕೆತ್ತಿದ ಪದಕವನ್ನೇ ಹೊರತಂದರು.

ಲಾಕಿಯರ್‌ಗೆ ಅವಸರ ಇರಲಿಲ್ಲ. ದಿನಾ ನೋಡಬಹುದಿತ್ತು. ಅಳತೆ ತೆಗೆದಾಗ ಆ ಹಳದಿ ಗೆರೆ ಡಿ-1ರ ಮೇಲೂ ಕೂರಲಿಲ್ಲ, ಡಿ-2ರ ಮೇಲೂ ಕೂರಲಿಲ್ಲ. ಸ್ವಲ್ಪ ಹಸಿರಿನ ಕಡೆಗೆ ಸರಿದು ಬೇರೆಯೇ ನಿಂತಿತ್ತು. ಅದಕ್ಕೆ ಡಿ-3 ಎಂಬ ಹೆಸರು ಬಿತ್ತು. ಇಂದಿನ ಲೆಕ್ಕದಲ್ಲಿ ಸೋಡಿಯಂನ ಎರಡು ಗೆರೆ 589.6 ಮತ್ತು 589.0 ನ್ಯಾನೋಮೀಟರ್, ಇದು 587.6. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಒಂದು ಹೊಸ ಮೂಲವಸ್ತು ಅಡಗಿತ್ತು. ಸೂರ್ಯನ ಸಾಮಾನ್ಯ ಬೆಳಕಿನ ಕಪ್ಪು ಗೆರೆಗಳಲ್ಲಿ ಈ ಡಿ-3 ಎದ್ದು ಕಾಣುವುದಿಲ್ಲ. ಅಂಚಿನ ಜ್ವಾಲೆಯನ್ನೇ ನೋಡಬೇಕು. ಫ್ರೌನ್‌ಹೋಫರ್ ಕಣ್ಣಿಗೆ ಅದು ಬೀಳದೆ ಹೋದದ್ದು ಇದಕ್ಕೇ. ನೆರಳು ನಮ್ಮ ನೆಲಕ್ಕೆ ಬರಬೇಕಾಯಿತು.

ಲಾಕಿಯರ್ ಮತ್ತು ರಸಾಯನ ವಿಜ್ಞಾನಿ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಪ್ರಯೋಗಾಲಯದಲ್ಲಿ ಜಲಜನಕವನ್ನು ನಾನಾ ಬಗೆಯಲ್ಲಿ ಕಾಯಿಸಿ, ಒತ್ತಡ ಬದಲಿಸಿ ನೋಡಿದರು. ಡಿ-3 ಬರಲಿಲ್ಲ. ಗೊತ್ತಿದ್ದ ಯಾವ ವಸ್ತುವೂ ಆ ಗೆರೆ ಕೊಡಲಿಲ್ಲ. ಹಾಗಾದರೆ ಭೂಮಿಯಲ್ಲಿ ಕಾಣದ, ಸೂರ್ಯನಲ್ಲಿ ಮಾತ್ರ ಇರುವ ವಸ್ತು ಇದು ಎಂದು ಹೀಲಿಯೋಸ್ ಹೆಸರು ಕೊಟ್ಟರು. 1871ರಲ್ಲಿ ಎಡಿನ್‌ಬರೋದ ವಿಜ್ಞಾನಿಗಳ ಸಭೆಯಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ಆ ಹೆಸರನ್ನು ಎಲ್ಲರ ಮುಂದೆ ಹೇಳಿದರು. ಬಹಳ ಜನ ನಂಬಲಿಲ್ಲ. ಒಂದು ಗೆರೆ ಹಿಡಿದು ಒಂದು ಮೂಲವಸ್ತುವನ್ನೇ ಕಲ್ಪಿಸಿಕೊಳ್ಳುವುದಾ ಅಂದರು.

1895ರಲ್ಲಿ ವಿಲಿಯಂ ರಾಮ್ಸೆ ಲಂಡನ್ನಿನಲ್ಲಿ ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದಲ್ಲಿ ಹಾಕಿ ಕಾಯಿಸಿದರು. ಅವರಿಗೆ ಬೇಕಾಗಿದ್ದು ಆರ್ಗಾನ್. ಬಂದ ಅನಿಲವನ್ನು ನೋಡಿದರೆ ಹಳದಿಯಲ್ಲಿ ಒಂದು ಹೊಳೆವ ಗೆರೆ, ಸೋಡಿಯಂನ ಜಾಗದಲ್ಲಿ ಅಲ್ಲ. ವಿಲಿಯಂ ಕ್ರೂಕ್ಸ್ ಅಳೆದು ಹೇಳಿದರು, ಇದು ಸೂರ್ಯನ ಡಿ-3. ಲಾಕಿಯರ್ ಇನ್ನೂ ಬದುಕಿದ್ದರು, ಕಣ್ಣಾರೆ ನೋಡಿದರು. ಅದೇ ವರ್ಷ ಸ್ವೀಡನ್ನಿನ ಉಪ್ಸಾಲಾದಲ್ಲಿ ಕ್ಲೀವ್ ಮತ್ತು ಲಾಂಗ್ಲೆ ಕೂಡ ಬೇರೆಯಾಗಿ ಇದನ್ನು ಹಿಡಿದರು.

ಯುರೇನಿಯಂ ಕಲ್ಲಿನೊಳಗೆ ಹೀಲಿಯಂ ಹೇಗೆ ಬಂತು? ಇಲ್ಲಿ ಮತ್ತೆ ನಿನ್ನ ತಾಲ್ಲೂಕಿಗೇ ಬರಬೇಕು. ಶಹಾಪುರದ ಪಕ್ಕದ ಗೋಗಿ ನಿನಗೆ ಗೊತ್ತಲ್ವಾ? ಆದಿಲ್‌ಶಾಹಿಯ ಮೊದಲ ಅರಸರ ಗೋರಿಗಳಿರುವ ಊರು. ಅಲ್ಲಿನ ನೆಲದಡಿ ಯುರೇನಿಯಂ ಅದಿರು ಸಿಕ್ಕಿದೆ. ಯುರೇನಿಯಂ ಪರಮಾಣು ಸುಮ್ಮನೆ ಇರುವುದಿಲ್ಲ. ತುಂಡು ತುಂಡಾಗಿ ಒಡೆಯುತ್ತಾ ಕೊನೆಗೆ ಸೀಸವಾಗಿ ನಿಲ್ಲುತ್ತದೆ. ಒಂದು ಯುರೇನಿಯಂ-238 ಪರಮಾಣು ಸೀಸವಾಗುವಷ್ಟರಲ್ಲಿ ಎಂಟು ಆಲ್ಫಾ ಕಣ ಉಗುಳುತ್ತದೆ. ಆಲ್ಫಾ ಕಣ ಅಂದರೆ ಹೀಲಿಯಂನ ತಿರುಳು ಎಂದು ರದರ್‌ಫರ್ಡ್ ಮತ್ತು ರಾಯ್ಡ್ಸ್ 1909ರಲ್ಲಿ ತೋರಿಸಿದರು. ಅದು ಸುತ್ತಲಿನಿಂದ ಎರಡು ಎಲೆಕ್ಟ್ರಾನ್ ಎಳೆದುಕೊಂಡರೆ ಆಯಿತು, ಹೀಲಿಯಂ. ಗೋಗಿಯ ಕಲ್ಲಿನಲ್ಲಿ ಈ ಕೆಲಸ ಈಗಲೂ ನಡೆದಿದೆ. ಸೂರ್ಯನಲ್ಲಿ ಮಾತ್ರ ಇದೆ ಅಂದುಕೊಂಡು ಹೆಸರಿಟ್ಟರು, ಅದು ನಿಮ್ಮೂರ ನೆಲದಲ್ಲೂ ಹುಟ್ಟುತ್ತಿದೆ. ಹೆಸರು ಇಟ್ಟ ದಿನ ಅವರಿಗೆ ಎಷ್ಟು ಗೊತ್ತಿತ್ತೋ ಅಷ್ಟನ್ನು ಆ ಹೆಸರು ಹಿಡಿದಿಟ್ಟಿದೆ. ನಾನು ಈ ಹೆಸರುಗಳ ಬೆನ್ನು ಹತ್ತುವುದು ಅದಕ್ಕೇ.

* ವಿಜಯದುರ್ಗ ಕೋಟೆಯಲ್ಲಿ ಲಾಕಿಯರ್ ಸಾಹೇಬರು ಹೀಲಿಯಂ ಕಂಡುಹಿಡಿದರು ಅಂತ ಮಹಾರಾಷ್ಟ್ರದ ನಮ್ಮ ಬೀಗರು ಹೇಳುತ್ತಾರೆ. ನಿಜವಾ?
– ವ್ಯಾಪಾರಿ, ಬಸವಕಲ್ಯಾಣ

ಅಲ್ಲ ಸಾಹುಕಾರ್ರೇ. 1868ರಲ್ಲಿ ಲಾಕಿಯರ್ ಇಂಗ್ಲೆಂಡ್ ಬಿಟ್ಟು ಬಂದಿರಲಿಲ್ಲ. ಭಾರತಕ್ಕೆ ಮೊದಲು ಬಂದದ್ದು 1871ರ ಡಿಸೆಂಬರ್ ಗ್ರಹಣಕ್ಕೆ, ಆಗ ಅವರು ನಿಂತದ್ದು ಬೇಕಲ ಕೋಟೆಯಲ್ಲಿ. ವಿಜಯದುರ್ಗಕ್ಕೆ ಬಂದದ್ದು 1898ರ ಜನವರಿ 22ರ ಗ್ರಹಣಕ್ಕೆ. ಅಷ್ಟರಲ್ಲಿ ರಾಮ್ಸೆ ಭೂಮಿಯ ಮೇಲೇ ಹೀಲಿಯಂ ಹಿಡಿದು ಮೂರು ವರ್ಷ ಆಗಿತ್ತು. ಎರಡು ಗ್ರಹಣ ಸೇರಿ ಒಂದೇ ಕಥೆಯಾಗಿದೆ. ಬೀಗರ ಅಭಿಮಾನ ದೊಡ್ಡದು, ಕೋಟೆಯ ಗ್ರಹಣದ ಕಥೆಯೂ ನಿಜ, ಇಸವಿ ಮಾತ್ರ ಬೇರೆ. ಇನ್ನೊಂದು ಮಾತು. ‘ಜಾನ್ಸೆನ್ ಹೀಲಿಯಂ ಕಂಡುಹಿಡಿದರು’ ಎಂದು ಬರೆಯುವುದೂ ಪೂರ್ತಿ ಸರಿಯಲ್ಲ. ಗ್ರಹಣವಿಲ್ಲದೆ ಗೆರೆ ನೋಡುವ ದಾರಿ ಅವರದು. ಅದು ಹೊಸ ವಸ್ತು ಎಂದು ಹಟ ಹಿಡಿದದ್ದು ಲಾಕಿಯರ್.

* ಸೋಡಿಯಂ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಎಲ್ಲ ಲೋಹ. ಹೀಲಿಯಂ ಅನಿಲ. ಅದರ ಗುಂಪಿನ ನಿಯಾನ್, ಆರ್ಗಾನ್‌ಗೆಲ್ಲ ‘ಆನ್’ ಇರುವಾಗ ಇದಕ್ಕೆ ಮಾತ್ರ ‘ಇಯಂ’ ಯಾಕೆ?
– ಬಿಎಸ್‌ಸಿ ವಿದ್ಯಾರ್ಥಿ, ಬೀದರ್

ಒಳ್ಳೆಯ ಕಣ್ಣು. ಲಾಕಿಯರ್ ಇದನ್ನು ಲೋಹ ಅಂದುಕೊಂಡಿದ್ದರು. ಆ ಕಾಲಕ್ಕೆ ಹೊಸ ಲೋಹಕ್ಕೆ ‘ಇಯಂ’ ಬಾಲ ಹಚ್ಚುವುದು ರೂಢಿ. ಹೀಲಿಯೋಸ್‌ಗೆ ಆ ಬಾಲ ಅಂಟಿತು. ಅನಿಲ ಎಂದು ಮೊದಲೇ ತಿಳಿದಿದ್ದರೆ ‘ಹೀಲಿಯಾನ್’ ಆಗುತ್ತಿತ್ತೋ ಏನೋ. ತಿಳಿದಾಗ ಹೆಸರು ಇಪ್ಪತ್ತು ವರ್ಷಕ್ಕೂ ಹಳೆಯದಾಗಿತ್ತು, ಯಾರೂ ಮುಟ್ಟಲಿಲ್ಲ. ಸೆಲೀನಿಯಂ ಕೂಡ ಹೀಗೇ. ಲೋಹವಲ್ಲದಿದ್ದರೂ ಬಾಲ ಉಳಿದಿದೆ. ಬರ್ಜೀಲಿಯಸ್ 1817ರಲ್ಲಿ ಚಂದ್ರದೇವತೆ ಸೆಲೀನೆಯ ಹೆಸರಿಟ್ಟದ್ದು ಅದು.

ಉಳಿದ ಹೆಸರುಗಳೂ ಗ್ರೀಕೇ. ಆರ್ಗಾನ್ ಅಂದರೆ ಕೆಲಸ ಮಾಡದ್ದು. ಯಾವ ವಸ್ತುವಿನ ಜೊತೆಗೂ ಸೇರದ ಅದರ ಸ್ವಭಾವ ನೋಡಿ ರ‍್ಯಾಲೇ ಮತ್ತು ರಾಮ್ಸೆ 1894ರಲ್ಲಿ ಇಟ್ಟರು. ಕ್ರಿಪ್ಟಾನ್ ಅಡಗಿದ್ದು, ಕ್ಸೆನಾನ್ ಪರಕೀಯ, ನಿಯಾನ್ ಹೊಸದು. ಈ ಮೂರೂ 1898ರಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಹಿಡಿದವು. ನಿಯಾನ್ ಕಥೆ ನನಗೆ ಇಷ್ಟ. ರಾಮ್ಸೆಯ ಹದಿಮೂರು ವರ್ಷದ ಮಗ ‘ನೋವಂ’ ಅಂತ ಕರೆಯಿರಿ ಅಂದನಂತೆ. ಲ್ಯಾಟಿನ್‌ನಲ್ಲಿ ಹೊಸದು ಎಂದರ್ಥ. ಅಪ್ಪ ಅದೇ ಅರ್ಥದ ಗ್ರೀಕ್ ಪದ ತೆಗೆದುಕೊಂಡರು. ಮಕ್ಕಳ ಮಾತು ಕೇಳುವ ಮನೆ ಅದು.

* ಶರಣಬಸವೇಶ್ವರ ಜಾತ್ರೆಯಲ್ಲಿ ಮಗಳಿಗೆ ಗ್ಯಾಸ್ ಬಲೂನ್ ಕೊಡಿಸಿದೆ. ಅದರಲ್ಲಿ ಇರುವುದು ಹೀಲಿಯಂ ತಾನೆ? ಮನೆಯಲ್ಲಿ ಇಟ್ಟುಕೊಳ್ಳಬಹುದಾ?
– ತಾಯಿ, ಕಲಬುರಗಿ

ತಂಗೀ, ದಯವಿಟ್ಟು ಅದನ್ನು ಒಲೆ, ದೀಪ, ಊದಿನಕಡ್ಡಿ ಹತ್ತಿರ ತರಬೇಡಿ. ಜಾತ್ರೆಗಳಲ್ಲಿ ಮಾರುವ ಗ್ಯಾಸ್ ಬಲೂನಿನಲ್ಲಿ ಹಲವು ಸಲ ಇರುವುದು ಹೈಡ್ರೋಜನ್, ಅಂದರೆ ಜಲಜನಕ. ಹೀಲಿಯಂ ದುಬಾರಿ. ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಚೂರನ್ನು ಸಿಲಿಂಡರಿಗೆ ಹಾಕಿ ನೀರು ಬಿಟ್ಟರೆ ಜಲಜನಕ ಅಲ್ಲೇ ತಯಾರಾಗುತ್ತದೆ. ಅದು ಭಗ್ಗನೆ ಹತ್ತಿಕೊಳ್ಳುತ್ತದೆ. ಹಾಗೆ ತುಂಬುವ ಸಿಲಿಂಡರ್ ಕೂಡ ಒಡೆಯಬಹುದು. ತುಂಬುವಾಗ ಮಗುವನ್ನು ಪಕ್ಕದಲ್ಲಿ ನಿಲ್ಲಿಸಬೇಡಿ. ಹೀಲಿಯಂ ಆದರೆ ಸುಡುವುದೇ ಇಲ್ಲ. ಜರ್ಮನಿಯ ಹಿಂಡನ್‌ಬರ್ಗ್ ಆಕಾಶನೌಕೆ 1937ರ ಮೇ 6ರಂದು ಅಮೆರಿಕದಲ್ಲಿ ಇಳಿಯುವಾಗ ಉರಿದು 36 ಜನ ಸತ್ತರು. ಅದರಲ್ಲಿ ತುಂಬಿದ್ದು ಜಲಜನಕ.

ಇದರ ಹೆಸರನ್ನೂ ಹೇಳಿಬಿಡುತ್ತೇನೆ. ಗ್ರೀಕಿನ ನೀರು ಮತ್ತು ಹುಟ್ಟಿಸುವುದು ಸೇರಿ ಹೈಡ್ರೋಜನ್. ಉರಿದರೆ ನೀರಾಗುತ್ತದೆ, ಹೆಸರು ಸರಿಯಾಗಿದೆ. ಆಕ್ಸಿಜನ್ ಅಂದರೆ ಆಮ್ಲ ಹುಟ್ಟಿಸುವುದು. ಎಲ್ಲ ಆಮ್ಲದಲ್ಲೂ ಅದು ಇರಲೇಬೇಕು ಎಂದು ಆ ಹೆಸರಿಟ್ಟ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ನಂಬಿದ್ದರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲ ಎಂದು ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿದರು. ಹೆಸರು ಹಾಗೇ ಉಳಿಯಿತು, ಕನ್ನಡದಲ್ಲಿ ನಾವೂ ಆಮ್ಲಜನಕ ಎಂದೇ ಅನ್ನುತ್ತೇವೆ.

* ಸೂರ್ಯಪಾನದ (ಸೂರ್ಯಕಾಂತಿ) ಬಗ್ಗೆ ಓದುವಾಗ ಹೀಲಿಯಾಂಥಸ್ ಎಂಬ ಹೆಸರು ನೋಡಿದೆ. ಇದಕ್ಕೂ ನಿಮ್ಮ ಹೀಲಿಯಂಗೂ ಸಂಬಂಧ ಇದೆಯಾ? ಹೂವು ನಿಜವಾಗಿ ಸೂರ್ಯನ ಹಿಂದೆ ತಿರುಗುತ್ತದಾ?
– ರೈತ, ಜೇವರ್ಗಿ

ಇದೆ ಅಣ್ಣಾ. ಹೀಲಿಯೋಸ್ ಮತ್ತು ಆಂಥೋಸ್, ಸೂರ್ಯ ಮತ್ತು ಹೂವು. ಲಿನ್ನೇಯಸ್ 1753ರಲ್ಲಿ ಅದನ್ನು ಹೀಲಿಯಾಂಥಸ್ ಆನ್ಯುಅಸ್ ಎಂದು ದಾಖಲಿಸಿದರು. ಆನ್ಯುಅಸ್ ಮಾತ್ರ ಲ್ಯಾಟಿನ್, ಒಂದೇ ವರ್ಷದ ಬೆಳೆ ಎಂದು. ಗಿಡದ ತವರು ಉತ್ತರ ಅಮೆರಿಕ.

ತಿರುಗುವುದು ನಿಜ, ಆದರೆ ಎಳೆಯ ಗಿಡ ಮಾತ್ರ. ಹಗಲಲ್ಲಿ ಕಾಂಡದ ಮೂಡಲ ಪಕ್ಕ ಜಾಸ್ತಿ ಬೆಳೆಯುತ್ತದೆ, ಹಾಗಾಗಿ ತಲೆ ಪಡುವಣಕ್ಕೆ ಬಾಗುತ್ತದೆ. ರಾತ್ರಿ ಪಡುವಣ ಪಕ್ಕ ಬೆಳೆದು ತಲೆ ಮೂಡಣಕ್ಕೆ ಮರಳುತ್ತದೆ. ಹೂ ಪೂರ್ತಿ ಅರಳಿದ ಮೇಲೆ ಕಾಂಡ ಬೆಳೆಯುವುದು ನಿಲ್ಲುತ್ತದೆ. ಆಗ ತೆನೆ ಮೂಡಣಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಅಂಥ ಹೂ ಬೇಗ ಬೆಚ್ಚಗಾಗುತ್ತದೆ, ಜೇನುಹುಳು ಜಾಸ್ತಿ ಬರುತ್ತವೆ. ಇದನ್ನು 2016ರಲ್ಲಿ ವಿಜ್ಞಾನಿಗಳು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಕಾಳು ಕಟ್ಟಲು ಜೇನು ಬೇಕು. ಹೂವಿನ ಹೊತ್ತಿನಲ್ಲಿ ಬೆಳಿಗ್ಗೆ ಔಷಧ ಹೊಡೆಯಬೇಡಿ ಎಂದು ತಿಳಿದವರು ಹೇಳುವುದು ಇದಕ್ಕೇ.

* ಎಂಆರ್‌ಐ ಯಂತ್ರದಲ್ಲಿ ಹೀಲಿಯಂ ತುಂಬಿರುತ್ತದೆ ಅಂತಾರೆ. ಅಲ್ಲಿ ಅದಕ್ಕೆ ಏನು ಕೆಲಸ?
– ನರ್ಸ್, ಯಾದಗಿರಿ

ತಂಪು ಮಾಡುವ ಕೆಲಸ ಸಿಸ್ಟರ್. ಹೀಲಿಯಂ ದ್ರವವಾಗುವುದು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾಮರ್ಲಿಂಗ್ ಆನ್ನೆಸ್ 1908ರಲ್ಲಿ ಮೊದಲು ಮಾಡಿದರು. ಎಂಆರ್‌ಐ ಯಂತ್ರದ ತಂತಿ ಸುರುಳಿಯನ್ನು ಆ ಚಳಿಯಲ್ಲಿ ಇಟ್ಟರೆ ಕರೆಂಟಿಗೆ ಅಡ್ಡಿಯೇ ಇರುವುದಿಲ್ಲ, ಆಗಲೇ ಅಷ್ಟು ಬಲದ ಅಯಸ್ಕಾಂತ ಆಗುವುದು. ಒಮ್ಮೆ ಗಾಳಿಗೆ ಬಿಟ್ಟ ಹೀಲಿಯಂ ಮತ್ತೆ ಕೈಗೆ ಬರುವುದಿಲ್ಲ. ಮೇಲೆ ಮೇಲೆ ಹೋಗಿ ಭೂಮಿಯನ್ನೇ ಬಿಟ್ಟುಹೋಗುತ್ತದೆ. ನಮ್ಮ ದೇಶ ಅದನ್ನು ಹೊರಗಿನಿಂದ ತರಿಸುತ್ತದೆ. ಹುಟ್ಟುಹಬ್ಬದ ಬಲೂನಿಗಿಂತ ನಿಮ್ಮ ಆಸ್ಪತ್ರೆಯ ಯಂತ್ರಕ್ಕೇ ಅದು ಸಿಗಲಿ ಅನ್ನುವುದು ನನ್ನ ಅಭಿಪ್ರಾಯ.

* ಪೆರಿಹೀಲಿಯನ್ ಅಂದರೆ ಭೂಮಿ ಸೂರ್ಯನಿಗೆ ಹತ್ತಿರ ಇರುವ ದಿನ, ಅದು ಜನವರಿಯಲ್ಲಿ ಬರುತ್ತದೆ ಅಂತ ಓದಿದೆ. ಹತ್ತಿರ ಇದ್ದಾಗ ನಮಗೆ ಚಳಿ, ದೂರ ಹೋಗುವಾಗ ಮೇ ತಿಂಗಳ ಉರಿ. ಇದು ಹೇಗೆ?
– ಶಿಕ್ಷಕ, ಸೇಡಂ

ಪೆರಿ ಅಂದರೆ ಗ್ರೀಕ್‌ನಲ್ಲಿ ಸುತ್ತ, ಹತ್ತಿರ. ದೂರದ ದಿನಕ್ಕೆ ಅಫೀಲಿಯನ್, ಅದು ಜುಲೈ ಮೊದಲ ವಾರ. ಹತ್ತಿರ ಅಂದರೆ ಸುಮಾರು 14.7 ಕೋಟಿ ಕಿಲೋಮೀಟರ್, ದೂರ ಅಂದರೆ 15.2 ಕೋಟಿ. ವ್ಯತ್ಯಾಸ ಸಣ್ಣದು. ಬಿಸಿಲು ತೀರ್ಮಾನ ಮಾಡುವುದು ಭೂಮಿಯ 23.5 ಡಿಗ್ರಿ ವಾಲು. ಜನವರಿಯಲ್ಲಿ ನಮಗೆ ಸೂರ್ಯ ತೆಂಕಣಕ್ಕೆ ಜಾರಿರುತ್ತಾನೆ, ಕಿರಣ ಓರೆ, ಹಗಲು ಗಿಡ್ಡ. ಮೇ ತಿಂಗಳಲ್ಲಿ ನಡುನೆತ್ತಿಗೆ ಬರುತ್ತಾನೆ, ಮೋಡವೂ ಇರುವುದಿಲ್ಲ.

ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಹೇಳಬೇಡಿ ಸರ್. ರಜೆ ಇದ್ದರೂ ನಾಲ್ಕು ಮಕ್ಕಳನ್ನು ಕರೆಯಿರಿ. ಸೂರ್ಯ ನೇರ ನೆತ್ತಿಗೆ ಬರುವುದು ಯಾದಗಿರಿಯಲ್ಲಿ ಸುಮಾರು ಮೇ 7ಕ್ಕೆ, ಕಲಬುರಗಿ ಮತ್ತು ಸೇಡಂ ಕಡೆ 9ರ ಹೊತ್ತಿಗೆ, ಬೀದರ್‌ನಲ್ಲಿ 11 ಅಥವಾ 12ಕ್ಕೆ. ಬಯಲಲ್ಲಿ ಒಂದು ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನೆಡಿ. ಮಧ್ಯಾಹ್ನ 12 ಗಂಟೆ 10 ನಿಮಿಷದಿಂದ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಿ. 12.20ರ ಆಸುಪಾಸು ನೆರಳು ಕೋಲಿನ ಬುಡಕ್ಕೇ ಸೇರಿ ಇಲ್ಲದಂತಾಗುತ್ತದೆ. ಆಗಸ್ಟ್ ಮೊದಲ ವಾರದ ಆಚೀಚೆಗೂ ಇದು ಮತ್ತೊಮ್ಮೆ ಬರುತ್ತದೆ, ಮೋಡ ಬಿಟ್ಟರೆ. ಊರು, ದಿನ, ಗಂಟೆ ಬರೆದು ಕಳಿಸಿ. ಮೂರೂ ಜಿಲ್ಲೆಗಳಿಂದ ಬಂದ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಇದೇ ಅಂಕಣದಲ್ಲಿ ಹಾಕುತ್ತೇನೆ.